ಸೂರು ತಟ್ಟಿ ನೋಡುವವನು

“ಏಯ್, ದಾರಿ ಬಿಡೇ. ಹೆಣ ಇಳಿಸ್ಬೇಕು. ಹೇಸರಗತ್ತೆಗೆ ಇನ್ನೂ ಮೇವಾಗಿಲ್ಲ,” ಎಂದು ಮೇಸ್ತ್ರಿ ಹ್ಯಾನಿಗನ್ ಗಾಡಿಯ ಮೇಲಿಂದಲೇ ಕೂಗಿದ.

ಮರ್ಗಿತಾಳ ಅಜ್ಜಿಯ ಕತೆಗಳಲ್ಲಿ ಸಾವು ಬಿಳಿ ಬಟ್ಟೆಯುಟ್ಟು ನಡೆದು ಬರುತ್ತಿತ್ತು. ಪೆನ್ಸಿಲ್ವೇನಿಯಾದ ಈ ಕಲ್ಲಿದ್ದಲ ಗುಡ್ಡದಲ್ಲಿ ಅದು ಕಂಪನಿಯ ಕರೀ ಗಾಡಿಯಲ್ಲಿ ಬರುತ್ತಿತ್ತು. ಗಾಡಿ ಬೀದಿಗೆ ತಿರುಗಿದರೆ ಸಾಕು, ಹೆಂಗಸರು ಹೊಸ್ತಿಲಿಗೆ ಬಂದು, ಮುಂದಿನ ಮನೆಗೆ ಹೋಗಲಪ್ಪಾ ಎಂದು ಉಸಿರು ಬಿಗಿಹಿಡಿಯುತ್ತಿದ್ದರು. ಹೋದ ಮೇಲೆ, ಹಾಗೆ ಬೇಡಿಕೊಂಡಿದ್ದಕ್ಕೆ ನಾಚುತ್ತಿದ್ದರು. ಇವತ್ತು ಅದು ಮರ್ಗಿತಾಳ ಹೊಸ್ತಿಲು ಬಿಟ್ಟು ಮುಂದಕ್ಕೆ ಹೋಗಲಿಲ್ಲ.

ಗೋಣಿತಟ್ಟಿನ ಕೆಳಗಿಂದ ಗಂಡನ ಕೈ ಇಣುಕುತ್ತಿತ್ತು, ಪಕ್ಕದಲ್ಲಿ ಅವನ ಗುದ್ದಲಿ. ಒಂಡ್ರೇಯ್ ಗಣಿಯೊಳಗೆ ಗುದ್ದಲಿ ಕಾವಿನಿಂದ ಸೂರಿನ ಬಂಡೆ ತಟ್ಟಿಯೇ ಅಗೆಯಲು ಕೂರುವವನು. ಠಣ್ ಎಂದರೆ ಗಟ್ಟಿ, ಡೊಳ್ಳಿನ ಹಾಗೆ ಎಂದರೆ ಟೊಳ್ಳು. ಮನೆಯಲ್ಲೂ ಮಲಗುವ ಮುಂಚೆ ಸೂರಿನ ಹಲಗೆ ತಟ್ಟುತ್ತಿದ್ದ. “ಇದು ಗಣಿಯಲ್ಲ ಕಣಯ್ಯೋ, ಹಾಸ್ಗೆ. ಮೇಲೆ ಬಿದ್ರೆ ನಾನೇ ಬೀಳ್ಬೇಕು,” ಎಂದು ಅವಳು ನಗುತ್ತಿದ್ದಳು. ಈ ವಾರ ಅವನು ನಕ್ಕಿರಲಿಲ್ಲ. “ಗಣಿ ಸೂರು ಡೊಳ್ಳು ಬಡ್ದಂಗದೆ ಮರ್ಗಿತಾ. ಆಸರೆಗೆ ಕಂಬ ಕೇಳಿದ್ರೆ ಮರ ಇಲ್ಲ ಅಂತಾರೆ. ಎಲ್ಲಾ ಸಾಹೇಬ್ನ ಜಗಲಿಗೆ ಹೋತಲ್ಲ.”

“ಕಂಬ ನಿಲ್ಲಿಸ್ದೆ ಅಗ್ದವ್ನೆ, ಅವನ್ದೇ ತಪ್ಪು,” ಎಂದ ಹ್ಯಾನಿಗನ್. “ಶನಿವಾರದೊಳ್ಗೆ ಕಂಪನಿ ಮನೆ ಖಾಲಿ ಮಾಡು.”

ಮರ್ಗಿತಾ ಹೇಸರಗತ್ತೆಯ ಕಡಿವಾಣಕ್ಕೆ ಕೈಹಾಕಿದಳು. “ಇಲ್ಲಿ ಇಳಿಸ್ಬ್ಯಾಡ. ಮರ ಇರೋ ಕಡೆ ಇಳಿಸ್ತೀನಿ.”

“ಲೇ ಮುಂಡೆ, ತಲೆ ಕೆಟ್ಟದಾ?”

“ಮುಂಡೆ ಮಾಡ್ದೋನು ನೀನೇ ಅಲ್ವೇನೋ ಬೋಳಿಮಗ್ನೆ!”

ಅವನು ಚಾವಟಿ ಎತ್ತಿದ. ಪಕ್ಕದ ಮನೆಯ ಮುದುಕಿ ಆಗ್ನೇಷ್ಕಾ ಒಲೆ ಕೆದಕುವ ಕಬ್ಬಿಣ ಹಿಡಿದು ಹೊಸ್ತಿಲಿಳಿದಳು. “ಹೊಡಿ ನೋಡಾನ. ಈ ಗಾಡಿ ನನ್ ಬಾಗ್ಲಿಗೂ ಬಂದಿತ್ತು ಕಣ್ಲಾ.” ಅವಳ ಹಿಂದೆ ಒಂದೊಂದೇ ಹೊಸ್ತಿಲು ಖಾಲಿಯಾಯಿತು. ಚಾವಟಿ ಕೆಳಗಿಳಿಯಿತು. ಹೆಂಗಸರು ಗಾಡಿಯನ್ನು ಗುಡ್ಡದ ಮೇಲಕ್ಕೆ ತಿರುಗಿಸಿದರು.

ಗುಡ್ಡದ ನೆತ್ತಿಯಲ್ಲಿ ಗಣಿ ಸಾಹೇಬನ ಬಂಗಲೆ. ಹೊಸ ಜಗಲಿಯ ಕಂಬಗಳು ತಬ್ಬಿದರೆ ಕೈ ಕೂಡದಷ್ಟು ದಪ್ಪ. ಬಿಳೀ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. “ಇಲ್ಲಲ್ಲ! ಮಸಿಯಾಗ್ತದೆ!” ಎಂದು ಸಾಹೇಬ ಕಿರುಚುತ್ತಿದ್ದಂತೆಯೇ ಹೆಂಗಸರು ಒಂಡ್ರೇಯ್‌ನನ್ನು ಜಗಲಿಯ ನಟ್ಟನಡುವೆ ಮಲಗಿಸಿದರು.

ಮರ್ಗಿತಾ ಗಾಡಿಯಿಂದ ಅವನ ಗುದ್ದಲಿ ತಂದು, ಕಾವು ಮೇಲೆತ್ತಿ, ಜಗಲಿಯ ಸೂರು ತಟ್ಟಿದಳು. ಇನ್ನೊಂದು ಕಡೆಯೂ ತಟ್ಟಿ ಕಿವಿಗೊಟ್ಟಳು. ಆಮೇಲೆ ಅವನ ತಲೆಯ ಬಳಿ ಕುಳಿತಳು.

“ಗಟ್ಟಿ ಅದೆ ಕಣಯ್ಯ. ಇಲ್ಲಿ ಬೀಳಾಕಿಲ್ಲ. ಮಲಕ್ಕೊ.”