ಖಾಲಿ ಚೊಂಬು ಕೊಡಬಾರದು

ಅಂಜನಮ್ಮನ ಎದೆಯಲ್ಲಿ ಗಂಟು ಸಿಕ್ಕಿದ ಮೇಲೆ ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ವೈದ್ಯರ ಸಂಖ್ಯೆ ದಿಢೀರನೆ ಹೆಚ್ಚಿತು. ಮಗ್ಗದ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದವರು. ಸಲಹೆಯನ್ನೂ ಕೂಗಿಯೇ ಕೊಡುತ್ತಿದ್ದರು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಮೆಲ್ಲಗೆ ಮಾತಾಡುವವರು. ಹಾಗಾಗಿ ಅವರ ಮಾತು ಯಾರಿಗೂ ಕೇಳಿಸಿರಲಿಲ್ಲ.

ಓರಗಿತ್ತಿ ಲಕ್ಷ್ಮೀದೇವಮ್ಮ ದಿನವೂ ಸ್ಟೀಲ್ ಚೊಂಬಿನಲ್ಲಿ ಅಮೃತಬಳ್ಳಿ ಕಷಾಯ ತಂದು, ಕೊನೆಯ ಗುಟುಕು ಇಳಿಯುವವರೆಗೆ ಅಂಜನಮ್ಮನ ಗಂಟಲನ್ನೇ ನೋಡುತ್ತಿದ್ದಳು. ಗಂಡನ ಗೆಳೆಯ ವೇಣುಗೋಪಾಲ್ ಅರಿಸಿನದ ಮಾತ್ರೆ, ಎಂಥದೋ ಹಸಿರು ಪುಡಿ ಕೊಟ್ಟು, "ಇದು ಔಷಧಿ ಅಲ್ಲಕ್ಕ, ಬರೀ ಶಕ್ತಿ" ಅಂದಿದ್ದ. ಶಕ್ತಿ ಬಂದ ಮೇಲೆ ಅವಳೂ ಇನ್ನಿಬ್ಬರನ್ನು ಗಿರಾಕಿ ಮಾಡಿಸಬಹುದಂತೆ.

ಆಪರೇಷನ್ನಿಗೆ ಮುಂಚೆ ಆರು ಕೀಮೋ ಆಗಬೇಕಿತ್ತು. ನಾಲ್ಕನೆಯದಕ್ಕೆ ಹೋದಾಗ ಡಾಕ್ಟರು ರಕ್ತದ ವರದಿ ನೋಡಿ ಪೆನ್ನು ಕೆಳಗಿಟ್ಟರು.

"ಲಿವರ್‌ಗೆ ಪೆಟ್ಟಾಗಿದೆ, ಇವತ್ತು ಕೊಡಕ್ಕಾಗಲ್ಲ. ನಾವು ಬರೆದಿದ್ದು ಬಿಟ್ಟು ಬೇರೇನು ತಗೋತಿದೀರಮ್ಮ?"

"ಏನೂ ಇಲ್ಲ ಡಾಕ್ಟ್ರೇ."

ಮಗಳು ಮೇಘನ ಅಡುಗೆಮನೆಯ ಗೂಡಿನ ಫೋಟೋವನ್ನು ಮೊಬೈಲಿನಲ್ಲಿ ತೆರೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದರಲ್ಲಿದ್ದ ಬಾಟಲಿ ಎಣಿಸತೊಡಗಿ ಹತ್ತಕ್ಕೆ ಸಾಕು ಮಾಡಿದರು.

"ಯಾವುದ್ರಿಂದ ಅಂತ ಹೇಳಕ್ಕಾಗಲ್ಲ, ಎಲ್ಲಾ ನಿಲ್ಸಿ. ಸೋಮವಾರ ಮತ್ತೆ ರಕ್ತ ನೋಡೋಣ. ಹೀಗೆ ಮುಂದಕ್ಕೆ ಹಾಕ್ತಾ ಹೋದ್ರೆ ಲಾಭ ಗಂಟಿಗೇ."

ವಾಪಸು ಬಸ್ಸಿನಲ್ಲಿ ಅಂಜನಮ್ಮನಿಗೆ ಗಂಟಿಗಿಂತ ಲಕ್ಷ್ಮೀದೇವಮ್ಮನ ಭಯವೇ ಹೆಚ್ಚಾಗಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಗಂಡನ ಮನೆಯವರಿಗೆ ಬೇಡ ಅಂದದ್ದೇ ಇಲ್ಲ.

ಬೆಳಿಗ್ಗೆ ಚೊಂಬು ಬಂತು.

"ಬಿಸಿ ಇರೋವಾಗ್ಲೇ ಕುಡಿ."

"ಡಾಕ್ಟ್ರು ಬೇಡ ಅಂದ್ರಕ್ಕ. ಲಿವರ್‌ಗೆ ಪೆಟ್ಟಾಗಿದ್ಯಂತೆ."

"ಬಳ್ಳಿ ವಿಚಾರ ಅವ್ರಿಗೇನು ಗೊತ್ತು? ಇದ್ರಿಂದ ಯಾರಿಗೂ ಏನೂ ಆಗಲ್ಲ."

ಅಂಜನಮ್ಮ ಚೊಂಬು ಹಿಡಿದು ಒಳಗೆ ಹೋದಳು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಆ ಬೀದಿಯಲ್ಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಅವಳು ಕಷಾಯವನ್ನು ಹಾಗೇ ಬಿಟ್ಟು, ವೇಣುಗೋಪಾಲನ ಪುಡಿ ಎರಡು ಚಮಚ ಕಲಸಿ ತಂದು ಓರಗಿತ್ತಿಯ ಕೈಗಿಟ್ಟಳು.

"ನಿಮ್ಗೂ ಮಂಡಿನೋವು ಅಂತಿದ್ರಲ್ಲಕ್ಕ. ಕುಡೀರಿ, ನಾನು ನೋಡ್ತೀನಿ."

ಲಕ್ಷ್ಮೀದೇವಮ್ಮ ಚೊಂಬಿನೊಳಗೆ ಬಗ್ಗಿ ನೋಡಿದಳು.

"ಇದ್ರಲ್ಲಿ ಏನೇನಿದ್ಯೋ ಏನೋ. ನಂಗೆ ಬಿಪಿ ಮಾತ್ರೆ ಬೇರೆ ನಡೀತಿದೆ. ಡಾಕ್ಟ್ರನ್ನ ಕೇಳ್ದೆ ಹೆಂಗೆ ಕುಡಿಯೋದು?"

"ಹೂಂ," ಅಂದಳು ಅಂಜನಮ್ಮ. "ಕೇಳ್ಬೇಕು."

ಲಕ್ಷ್ಮೀದೇವಮ್ಮ ಚೊಂಬನ್ನು ಅಲ್ಲೇ ಕಿಟಕಿಯಲ್ಲಿಟ್ಟು ಹೊರಟುಹೋದಳು.

ಸೋಮವಾರ ಅವಳು ರಕ್ತ ಕೊಡಲು ಹೊರಟಾಗ, ತೊಳೆದು ಸಕ್ಕರೆ ತುಂಬಿಟ್ಟ ಚೊಂಬು ಇನ್ನೂ ಕಿಟಕಿಯಲ್ಲೇ ಇತ್ತು. ಅದನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ.