ನೀರು ಹಾಯಿಸದೆ ಕತ್ತರಿಸಿದ ಕಲ್ಲು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಕಲ್ನಾರು ಕಂಡಿತು. ಹತ್ತು ನಲವತ್ತೆರಡಕ್ಕೆ ಭೂವಿಜ್ಞಾನಿ ಮೇಡಂ ಎರಡು ಮಹಡಿ ಇಳಿದು ಬಂದು ಗರಗಸದ ಸ್ವಿಚ್ ಆರಿಸಿದರು.

"ಏನ್ ಮೇಡಂ, ಕಲ್ಲಿಗೆ ನೋವಾಯ್ತಾ?" ಎಂದ ಕಲ್ಲು ಕತ್ತರಿಸುವವ. ಇಪ್ಪತ್ತಾರು ವರ್ಷಗಳಿಂದ ಆ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಗರಗಸ ಅವನದೇ. ಮೂಗಿಗೆ ಬಟ್ಟೆಯ ಮಾಸ್ಕು, ಹುಬ್ಬಿನ ಮೇಲೆ ಬೂದು ಪುಡಿ.

ಮೇಡಂ ನಗಲಿಲ್ಲ. "ಹೊರಗೆ ಬನ್ನಿ. ಏನನ್ನೂ ಕೊಡವಬೇಡಿ."

ಆ ಕಲ್ಲು ಸಮುದ್ರದ ತಳವನ್ನು ಕೊರೆದು ತಂದದ್ದು. ಅದರ ಮೂಲ ಮಾತ್ರ ಭೂಮಿಯ ಹೊರಪದರಕ್ಕಿಂತ ಕೆಳಗೆ, ಮೂವತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಮೇಲಕ್ಕೆ ಹೇಗೆ ಬಂತೆಂದು ಮೇಡಂ ಮೊದಲ ದಿನವೇ ಹೇಳಿದ್ದರು. ಒಂದು ಖಂಡ ಎರಡಾಗಿ ಸೀಳುವಾಗ ನಡುವಿನ ನೆಲ, ಕಲಸಿದ ಹಿಟ್ಟನ್ನು ಎಳೆದಂತೆ, ತೆಳ್ಳಗಾಗುತ್ತದೆ. ಬಿರುಕುಗಳು ಆಳಕ್ಕೆ ಹೋಗುತ್ತವೆ. ಅವುಗಳಲ್ಲಿ ಇಳಿದ ಸಮುದ್ರದ ನೀರು ಕೆಳಗಿನ ಗಟ್ಟಿ ಕಲ್ಲನ್ನು ಹಸಿರಾಗಿ, ಮೆತ್ತಗೆ, ಜಾರುವಂತೆ ಮಾಡುತ್ತದೆ. ಎಳೆತ ಮುಂದುವರಿದರೆ ಮೇಲಿನ ಹೊದಿಕೆ ಪಕ್ಕಕ್ಕೆ ಸರಿದು, ಆಳದ ಕಲ್ಲು ಸಮುದ್ರದ ತಳದಲ್ಲಿ ಬಯಲಾಗುತ್ತದೆ. ಕಲ್ಲು ಎಷ್ಟು ನೀರು ಕುಡಿದಿದೆ ಎಂಬುದೇ ಮೇಡಂಗೆ ಬೇಕಾದ ಅಳತೆ. ಪುಡಿ ಏಳದಂತೆ ಗರಗಸಕ್ಕೆ ಹಾಯಿಸುವ ನೀರು ಸೇರಿದರೆ ಅದು ಕೆಡುತ್ತದೆ. "ನೀರು ಹಾಯಿಸ್ಬೇಡಿ, ಹಾಗೇ ಕತ್ತರಿಸಿ" ಎಂದಿದ್ದವರು ಅವರೇ. ಹನ್ನೊಂದು ದಿನ ಅವನು ಹಾಗೇ ಕತ್ತರಿಸಿದ್ದ.

"ನೀರು ಕುಡಿದು ಕಲ್ಲು ಉಬ್ಬಿದಾಗ ಸಣ್ಣ ಸಣ್ಣ ಸೀಳು ಬಿದ್ದಿವೆ," ಎಂದರು ಮೇಡಂ ಕಾರಿಡಾರಿನಲ್ಲಿ. "ಅದರ ತುಂಬ ಕಲ್ನಾರು. ಹಳೇ ಛಾವಣಿ ಶೀಟಲ್ಲಿ ಹಾಕ್ತಿದ್ರಲ್ಲ, ಅದೇ ಆಸ್ಬೆಸ್ಟಾಸ್. ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಕೂತ್ಬಿಡುತ್ತೆ. ನಾನು ಮೊದಲೇ ನೋಡ್ಬೇಕಿತ್ತು. ನಿಮ್ಮ ಏಪ್ರನ್ ಎಲ್ಲಿ ಒಗೀತೀರಿ?"

ಅವನ ಏಪ್ರನ್ ಎರಡಿದ್ದವು. ಒಂದು ಮೈಮೇಲೆ, ನಿನ್ನೆಯದು ಮನೆಯಲ್ಲಿ. ಹನ್ನೊಂದಕ್ಕೆ ನಲ್ಲಿಯಲ್ಲಿ ನೀರು ಬರುತ್ತಿದ್ದಂತೆ ಹೆಂಡತಿ ಅದನ್ನು ಬಾಲ್ಕನಿಯಲ್ಲಿ ಕೊಡವಿ ನೆನೆಹಾಕುತ್ತಾಳೆ. ಒಂದು ವಾರದಿಂದ ಅವಳಿಗೆ ಕೆಮ್ಮು.

ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಹತ್ತು ಐವತ್ತೊಂದು. ಮೈಮೇಲಿನ ಏಪ್ರನ್ನನ್ನು ಮೇಡಂ ಹಿಡಿದ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಓಡಿದ. ಮನೆ ನಾಲ್ಕು ಬೀದಿ ಆಚೆ. ಐವತ್ತೆರಡು ವರ್ಷದ ಮೊಣಕಾಲು ಎರಡನೇ ಬೀದಿಯಲ್ಲೇ ಕೈಕೊಟ್ಟಿತು. ಕುಂಟುತ್ತ ತಿರುವು ದಾಟಿದಾಗ ಕೆಳಗಿನಿಂದಲೇ ಕಂಡಿತು: ಎರಡನೇ ಮಹಡಿಯ ಬಾಲ್ಕನಿಯಲ್ಲಿ ಅವಳು, ಕೈಯಲ್ಲಿ ಏಪ್ರನ್, ಬಿಸಿಲಿಗೆ ಬೆಳ್ಳಗೆ ಏಳುತ್ತಿದ್ದ ಪುಡಿ.

"ಬಿಡೇ ಅದನ್ನ! ಉಸಿರು ಬಿಗಿಹಿಡ್ಕೊಂಡು ಒಳಗೆ ಹೋಗು!"

"ಯಾಕ್ರೀ, ದೆವ್ವ ಮೆಟ್ಟಿದೋರ ಹಾಗೆ ಬೀದೀಲಿ ಕೂಗ್ತೀರಿ?" ಅವಳು ಕೆಮ್ಮಿದಳು. "ಈ ಪುಡೀನ ಹನ್ನೊಂದು ದಿನದಿಂದ ಕೊಡವ್ತಿದ್ದೀನಿ. ಇವತ್ತೇನು ಹೊಸದು?"

ಅವನು ಕಂಬಿ ಹಿಡಿದು, ಕುಂಟುತ್ತಲೇ ಮೆಟ್ಟಿಲು ಹತ್ತಿದ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಎದೆರೋಗದ ವೈದ್ಯರು ಇಬ್ಬರ ಎಕ್ಸ್‌ರೇಯನ್ನೂ ಬೆಳಕಿಗೆ ಹಿಡಿದು ನೋಡಿದರು. "ಕೆಮ್ಮು ಶೀತದ್ದು. ಕಲ್ನಾರಿನದು ಹನ್ನೊಂದು ದಿನಕ್ಕೆ ಕಾಣಿಸೋ ಕಾಯಿಲೆ ಅಲ್ಲ. ಇಷ್ಟಕ್ಕೆ ಬರೋ ಸಾಧ್ಯತೆ ಕಡಿಮೆ. ಬಂದ್ರೆ ಇಪ್ಪತ್ತು, ಮೂವತ್ತು ವರ್ಷ ಆದ್ಮೇಲೆ."

"ಇಲ್ಲ ಅಂತ ಹೇಳಿ ಡಾಕ್ಟ್ರೇ," ಎಂದ ಅವನು. "ಕಡಿಮೆ ಅನ್ಬೇಡಿ."

"ಹಾಗೆ ಹೇಳೋಕಾಗಲ್ಲ."

"ಮೂವತ್ತು ವರ್ಷಕ್ಕೆ ನಂಗೆ ಎಪ್ಪತ್ತೆಂಟು," ಎಂದಳು ಹೆಂಡತಿ. "ಇವರ ಕಾಟ ತಡ್ಕೊಂಡು ಅಲ್ಲೀವರೆಗೆ ಉಳಿದ್ರೆ ಆಮೇಲೆ ನೋಡೋಣ ಬಿಡಿ."

ಅವಳು ಒಬ್ಬಳೇ ನಕ್ಕಳು. ಅವನು ಹಿಡಿದಿದ್ದ ಅವಳ ಕೈ ಬೆವರಿನಿಂದ ಒದ್ದೆಯಾಗಿತ್ತು.

ಬಾಲ್ಕನಿಯಿಂದ ಒರೆಸಿ ತಂದ ಪುಡಿಯಲ್ಲೂ ನಾರು ಸಿಕ್ಕಿತು. ಕತ್ತರಿಸದೆ ಉಳಿದ ಒಂಬತ್ತು ತುಂಡುಗಳನ್ನು ಮುಂದಿನ ವಾರ, ಅಳತೆ ಕೆಟ್ಟರೂ ಸರಿ ಎಂದು, ನೀರು ಹಾಯಿಸಿ ಕತ್ತರಿಸಲಾಯಿತು. ಕತ್ತರಿಸಿದವನು ಅವನೇ.