ಲಾಭದಿಂದ ಎಣಿಸಿದ ಮೂವತ್ತೆಂಟು

೧೯೪೩ರ ಬೇಸಿಗೆ. ವಿಶ್ವವಿದ್ಯಾಲಯದ ಗಣಿತ ವಿಭಾಗದ ಕೋಣೆಗಳು ಯುದ್ಧದ ಕಚೇರಿಗೆ ಹೋಗಿದ್ದರಿಂದ ಆ ವರ್ಷದ ಸಂಶೋಧನಾ ಉಪನ್ಯಾಸಗಳು ಸವಣೂರಿಗೆ ಬಂದವು. ವಿಭಾಗದಲ್ಲಿ ಪಾಠ ಹೇಳುತ್ತಿದ್ದ ನಿಯಾಜ ಆ ಊರಿನವನು. ಕಾಕಾನ ಅರಳೆ ಅಂಗಡಿಯ ಮೇಲಿನ ಹಜಾರ ಕೊಡಿಸಿದ್ದ. ನೆಲಕ್ಕೆ ಜಮಖಾನೆ, ಗೋಡೆಗೆ ಒಂದು ಸಣ್ಣ ಕರಿಹಲಗೆ. ಪುಣೆ, ಮುಂಬಯಿಗಳ ವಿದ್ವಾಂಸರು ಬೂಟು ಬಿಚ್ಚಿಟ್ಟು ಚಕ್ಕಳಮಕ್ಕಳ ಹಾಕಿ ಕೂತರು.

ಮೂರನೆಯ ದಿನದ ಸರದಿ ಹಿರೇಕೆರೂರಿನ ಚನ್ನವೀರಪ್ಪನದು. ಒಂದು ಸಂಖ್ಯೆಯನ್ನು ತಾನು ಹಾಕಿದ ಕಟ್ಟಳೆಯೊಳಗೆ ಎಷ್ಟು ಬಗೆಯಲ್ಲಿ ಸಣ್ಣ ಸಂಖ್ಯೆಗಳ ಮೊತ್ತವಾಗಿ ಒಡೆಯಬಹುದು ಎಂಬುದಕ್ಕೆ ಅವನು ಸೂತ್ರ ಕಂಡುಕೊಂಡಿದ್ದ. ಎರಡು ವರ್ಷದ ದುಡಿತ. ಗಣಿತ ವಿಭಾಗದ ಮುಖ್ಯಸ್ಥರು ಒಪ್ಪಿದರೆ ಪ್ರಬಂಧ ಅಚ್ಚಿಗೆ, ಅವನಿಗೆ ಅಲ್ಲಿಯೇ ಸಂಶೋಧಕನ ಜಾಗ. ಒಪ್ಪದಿದ್ದರೆ ಜೂನಿನಿಂದ ರಟ್ಟೀಹಳ್ಳಿಯ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವುದು.

“ಮಗ್ಗೀನೂ ಗಣಿತಾನ ಬಿಡಪಾ,” ಎಂದು ನಿಯಾಜ ಬೆಳಿಗ್ಗೆಯೇ ಕೆಣಕಿದ್ದ. “ಅಲ್ಲಿ ನಿನಗ ಎದುರು ಮಾತಾಡವ್ರು ಯಾರೂ ಇರಂಗಿಲ್ಲ.”

ಒಂದು ತಾಸು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಮುಖ್ಯಸ್ಥರು ತಮ್ಮ ಟಿಪ್ಪಣಿ ಪುಸ್ತಕದಿಂದ ಕಣ್ಣೆತ್ತದೆಯೇ, ಹನ್ನೆರಡನ್ನು ಕೈಯಾರೆ ಒಡೆದು ತೋರಿಸಿ ಎಂದರು. ಸೂತ್ರದ ಪ್ರಕಾರ ಮೂವತ್ತೆಂಟು ಬರಬೇಕು. ಹಲಗೆ ಸಣ್ಣದು, ಚನ್ನವೀರಪ್ಪ ಸಾಲಿಗೊಂದು ಬಗೆಯಂತೆ ಹತ್ತು ಸಾಲು ಬರೆದು, ಎಣಿಸಿ, ಒರೆಸಿ, ಮುಂದಿನವನ್ನು ಬರೆದ. ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದವನು ಗಾಬರಿಯಲ್ಲಿ ಕನ್ನಡದಲ್ಲಿ ಎಣಿಸತೊಡಗಿದ್ದು ಅವನಿಗೇ ತಿಳಿಯಲಿಲ್ಲ. ಕೊನೆಯ ಸಾಲಿಗೆ ಮೂವತ್ತೆಂಟು ಎಂದು ಹೇಳಿ, ಬೆವರು ಒರೆಸಿಕೊಂಡ.

ಮುಖ್ಯಸ್ಥರು ಬೆಳಗಾವಿಯಲ್ಲಿ ಎರಡು ವರ್ಷ ಇದ್ದವರು, ಕನ್ನಡದ ಅಂಕಿಗಳನ್ನು ಬಲ್ಲವರು. ಅವನು ಎಣಿಸಿದ ಒಂದೊಂದು ಅಂಕಿಗೂ ಪುಸ್ತಕದಲ್ಲಿ ಒಂದೊಂದು ಗೀಟು ಎಳೆದಿದ್ದರು. ಗೀಟುಗಳು ಮೂವತ್ತೇಳೇ ಇದ್ದವು. ನೀವು ಎರಡರಿಂದ ಶುರು ಮಾಡಿದಿರಿ, ಒಂದು ಎನ್ನಲೇ ಇಲ್ಲ, ಸೂತ್ರ ಒಂದು ಹೆಚ್ಚು ಹೇಳುತ್ತದೆ ಎಂದರು. ಮೊದಲ ಸಾಲುಗಳು ಹಲಗೆಯ ಮೇಲೆ ಇರಲಿಲ್ಲ. ಚನ್ನವೀರಪ್ಪ ಸೂತ್ರವನ್ನು ಮನಸ್ಸಿನಲ್ಲಿ ತಿರುವಿದ, ಮಗುಚಿದ. ಎಲ್ಲಿಯೂ ಬಿರುಕು ಸಿಗಲಿಲ್ಲ. ಒಂದು ಎಂದು ಎಣಿಸಿದ್ದೇನೆ ಎಂದು ಸಾಧಿಸಿದ. ಇಲ್ಲ, ನೀವು ಮೊದಲ ಸಾಲಿಗೆ ಲಾಭ ಎಂದಿರಿ, ನಿಮ್ಮ ಸೂತ್ರದ ಪ್ರಯೋಜನ ಹೇಳುತ್ತಿದ್ದೀರಿ ಎಂದುಕೊಂಡೆ, ಎಂದರು ಮುಖ್ಯಸ್ಥರು.

ಮೆಟ್ಟಿಲ ಬಾಗಿಲಲ್ಲಿ ಬಂದವರಿಗೆ ನೀರು ಕೊಡಲು ಕೊಡದ ಪಕ್ಕ ಕೂತಿದ್ದ ಮುದುಕ ಬಂದೇಸಾಬನಿಗೆ ನಗು ತಡೆಯಲಾಗಲಿಲ್ಲ. ಅವನು ಸಂತೆಯಲ್ಲಿ ನಲವತ್ತು ವರ್ಷ ಜೋಳ ಅಳೆದವನು.

“ಲಾಭಾನ ಒಂದ್ರಿ ಸಾಹೇಬ್ರ,” ಎಂದ. “ರಾಶಿ ಅಳೆಯೋವಾಗ ನಾವು ಒಂದು ಅನ್ನಂಗಿಲ್ಲ. ಮೊದಲನೇ ಸೇರಿಗೆ ಲಾಭ, ಆಮ್ಯಾಲ ಎರಡು. ಈ ಹುಡುಗ ಕಣದಾಗ ಬೆಳದಾನ್ರಿ, ಬಾಯಿಗೆ ಅದ ಬರ್ತತಿ.”

ನಿಯಾಜ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ನಗೆ ಎದ್ದಿತು, ಅದರಲ್ಲಿ ಕುಹಕವಿರಲಿಲ್ಲ. ಮುಖ್ಯಸ್ಥರು ಗೀಟುಗಳ ಮುಂದೆ ಇನ್ನೊಂದು ಗೀಟು ಎಳೆದರು. ಆದರೂ ಬಿಡಲಿಲ್ಲ, ಹದಿಮೂರನ್ನು ಒಡೆಯಿರಿ ಎಂದರು. ಈ ಸಲ ಹಲಗೆಯನ್ನು ಒರೆಸಗೊಡಲಿಲ್ಲ. ಚನ್ನವೀರಪ್ಪ ಸಾಲುಗಳನ್ನು ಒತ್ತೊತ್ತಾಗಿ, ಅಂಚಿನವರೆಗೂ ಬರೆದ. ಗಾಬರಿ ಹೋಗಿತ್ತು. ಲಾಭ ಎಂದು ಬೇಕೆಂತಲೇ ಗಟ್ಟಿಯಾಗಿ ಹೇಳಿ ಶುರು ಮಾಡಿದ. ಹಿಂದಿನ ಸಾಲಿನ ಪುಣೆಯವರು ಎರಡು, ಮೂರು ಎಂದು ದನಿಗೂಡಿಸಿದರು. ಕೊನೆಯ ಅಂಕಿ ಸೂತ್ರಕ್ಕೆ ಸರಿಯಾಗಿ ಕೂತಿತು.

ಮುಖ್ಯಸ್ಥರು ಪುಸ್ತಕ ಮುಚ್ಚಿದರು. ಇದು ಅಚ್ಚಿಗೆ ಹೋಗಲಿ, ಜೂನಿನಿಂದ ವಿಭಾಗಕ್ಕೆ ಬನ್ನಿ ಎಂದರು, ಬಹಳ ಸಾದಾ ದನಿಯಲ್ಲಿ. ಚನ್ನವೀರಪ್ಪ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಧೋತರಕ್ಕೆ ಒರೆಸಿಕೊಂಡ. ಧೋತರಕ್ಕೆ ಸುಣ್ಣದ ಪುಡಿ ಮೆತ್ತಿತು.

ಅಷ್ಟರಲ್ಲಿ ಮುಖ್ಯಸ್ಥರೇ ಮೊಣಕಾಲ ಮೇಲೆ ಕೈಯೂರಿ ಎದ್ದು ಬಂದು, ಅವನ ಕೈಯಲ್ಲಿದ್ದ ಸುಣ್ಣದ ಖಡುವಿನ ತುಂಡು ಕೇಳಿ ಇಸಿದುಕೊಂಡರು. ಕಟ್ಟಳೆ ಸ್ವಲ್ಪ ಸಡಿಲಿಸಿದರೆ ಏನಾಗುತ್ತದೆ ಎಂದು ಕೇಳುತ್ತ, ಅವನಿಗೂ ನಿಲ್ಲಲು ಜಾಗ ಬಿಟ್ಟು, ಹಲಗೆಯ ಮುಂದೆ ನಿಂತರು.